ಮಲೆನಾಡಿನ ಮನೆಗೆ ಕುಡಿಯುವ ನೀರಿನ ಫಿಲ್ಟರ್: ಕೊಳ್ಳುವ ಮೊದಲು

ಎಲೆಚುಕ್ಕೆ ರೋಗ, ಕೊಳೆರೋಗ ನೋಡಲೆಂದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಿಗೆ ಹೋದಾಗ, ತೋಟದ ಮಾತು ಮುಗಿದು ಜಗಲಿಯಲ್ಲಿ ಕುಳಿತ ಮೇಲೆ ಈಚೆಗೆ ರೈತರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಕುಡಿಯುವ ನೀರಿಗೆ ಯಾವ ಮಷೀನು ಹಾಕಿಸಿದರೆ ಒಳ್ಳೆಯದು ಸಾರ್?" ಬೇಸಾಯ ಶಾಸ್ತ್ರದವನಿಗೆ ಈ ಪ್ರಶ್ನೆ ಏಕೆ ಎಂದು ಮೊದಮೊದಲು ನನಗೂ ಅನ್ನಿಸುತ್ತಿತ್ತು. ಆದರೆ ಮಣ್ಣು, ಮಳೆ, ಗೊಬ್ಬರದ ಗುಂಡಿ, ತೋಟಕ್ಕೆ ಹೊಡೆಯುವ ಔಷಧಿ ಇವೇ ಬಾವಿಯ ನೀರಿನ ಗುಣವನ್ನು ನಿರ್ಧರಿಸುವುದರಿಂದ ಈ ವಿಷಯ ನಮಗೆ ಹೊರತಾದುದಲ್ಲ.

ಎರಡು ವರ್ಷಗಳ ಹಿಂದೆ ಹೊಸನಗರ ತಾಲ್ಲೂಕಿನ ಒಂದು ಮನೆಯಲ್ಲಿ ನಡೆದುದನ್ನು ಮೊದಲು ಹೇಳುತ್ತೇನೆ. ಮನೆಯ ಯಜಮಾನರು ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ಆರ್.ಓ. ಯಂತ್ರ ಹಾಕಿಸಿದ್ದರು. ಆವರೆಗೆ ಅವರ ಮನೆಯಲ್ಲಿ ಮಳೆಗಾಲದಲ್ಲಿ ನೀರು ಕುದಿಸಿ ಕುಡಿಯುವ ರೂಢಿ ಇತ್ತು. ಯಂತ್ರ ಬಂದ ಮೇಲೆ ಅದು ನಿಂತಿತು. ಜುಲೈನಲ್ಲಿ ಗಾಳಿಮಳೆಗೆ ಕಂಬ ಮುರಿದು ಒಂಬತ್ತು ದಿನ ಕರೆಂಟು ಇರಲಿಲ್ಲ. ಯಂತ್ರವೂ ನಿಂತಿತು. ಮನೆಯವರು ಬಾವಿಯ ನೀರನ್ನು ಹಾಗೆಯೇ ಕುಡಿದರು. ಮುಂದಿನ ತಿಂಗಳು ಮಗನಿಗೂ, ಆರು ತಿಂಗಳ ಬಸುರಿಯಾಗಿದ್ದ ಸೊಸೆಗೂ ಕಾಮಾಲೆ ಕಾಣಿಸಿಕೊಂಡಿತು. ಸೊಸೆ ಮೂರು ವಾರ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು. ನೀರಿನಿಂದ ಹರಡುವ ಕಾಮಾಲೆಗಳಲ್ಲಿ ಹೆಪಟೈಟಿಸ್ 'ಇ' ಎಂಬುದು ಗರ್ಭಿಣಿಯರಿಗೆ ಪ್ರಾಣಕ್ಕೇ ಎರವಾಗಬಲ್ಲದು. ಇವರ ಕಾಯಿಲೆ ಆ ಬಾವಿಯ ನೀರಿನಿಂದಲೇ ಬಂತೆಂದು ನಾನು ಸಾಧಿಸಿ ತೋರಿಸಲಾರೆ. ಆದರೆ ಬಾವಿಗಿಂತ ಎತ್ತರದಲ್ಲಿ, ಇಪ್ಪತ್ತೈದು ಅಡಿ ದೂರದಲ್ಲಿ ಶೌಚಾಲಯದ ಗುಂಡಿ ಇತ್ತು. ಆ ನೀರನ್ನು ಮಲಿನತೆಯ ಪರೀಕ್ಷೆಯ ಶೀಶೆಗೆ ಹಾಕಿಟ್ಟಾಗ ಮಾರನೆಯ ದಿನ ಕಪ್ಪಾಗಿತ್ತು. ಅದೇ ನೀರಿಗೆ ಟಿ.ಡಿ.ಎಸ್. ಮೀಟರು ಅದ್ದಿದಾಗ ಬಂದ ಅಂಕಿ 46. ಮಾರಾಟಗಾರರ ಲೆಕ್ಕದಲ್ಲಿ ಇದು ಅತ್ಯುತ್ತಮವಾದ ನೀರು!

ಟಿ.ಡಿ.ಎಸ್. ಅಂಕಿ ಏನು ಹೇಳುತ್ತದೆ?

ಟಿ.ಡಿ.ಎಸ್. ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ. ಮೀಟರು ಇದನ್ನು ನೇರವಾಗಿ ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅಳೆದು ಅಂದಾಜು ತೋರಿಸುತ್ತದೆ. ಅದಕ್ಕೆ ರೋಗಾಣು ಕಾಣುವುದಿಲ್ಲ, ಕೀಟನಾಶಕವೂ ಕಾಣುವುದಿಲ್ಲ. ಬೇಕಿದ್ದರೆ ಅದೇ ಮೀಟರನ್ನು ಎಳನೀರಿಗೆ ಅದ್ದಿ ನೋಡಿ, ಅಂಕಿ ಸಾವಿರಗಳಲ್ಲಿ ಬರುತ್ತದೆ. ಹಾಗೆಂದು ಎಳನೀರನ್ನು ಯಾರೂ ಚೆಲ್ಲುವುದಿಲ್ಲ.

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕದ ಪ್ರಕಾರ (ಐ.ಎಸ್. 10500, 2012ರ ಪರಿಷ್ಕರಣೆ) ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣ ಇದ್ದರೆ ನೀರು ಸ್ವೀಕಾರಾರ್ಹ. ಬೇರೆ ಮೂಲ ಇಲ್ಲದ ಕಡೆ 2,000ದವರೆಗೂ ಅವಕಾಶವಿದೆ. ನಮ್ಮ ಮಲೆನಾಡಿನ ತೆರೆದ ಬಾವಿ, ಒರತೆ, ಅಬ್ಬಿಗಳ ನೀರು ಸಾಮಾನ್ಯವಾಗಿ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಕಾರಣ ರೈತರಿಗೆ ಗೊತ್ತಿರುವುದೇ. ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಇಂಥ ಮಳೆ ಯುಗಯುಗಗಳಿಂದ ಜಂಬಿಟ್ಟಿಗೆ ಮಣ್ಣಿನ ಸುಣ್ಣ, ಪೊಟ್ಯಾಷ್ ಮೊದಲಾದುವನ್ನು ತೊಳೆದು ಕೆಳಕ್ಕೆ ಒಯ್ದಿದೆ. ಆದುದರಿಂದಲೇ ಮಣ್ಣು ಹುಳಿಯಾಗಿದ್ದು ತೋಟಕ್ಕೆ ಸುಣ್ಣ ಹಾಕಿ ಎಂದು ನಾವು ಹೇಳುತ್ತೇವೆ. ಅದೇ ಕಾರಣಕ್ಕೆ ಬಾವಿಯ ನೀರು ಮೆದುವಾಗಿಯೂ ತುಸು ಹುಳಿಯಾಗಿಯೂ ಇರುತ್ತದೆ. ಸಾಬೂನು ಬೇಗ ನೊರೆ ಕಟ್ಟುವುದನ್ನು ಮನೆಯ ಹೆಂಗಸರು ಬಲ್ಲರು.

ಆರ್.ಓ. ಯಂತ್ರದ ಮುಖ್ಯ ಕೆಲಸವೇ ಕರಗಿದ ಲವಣವನ್ನು ತೆಗೆಯುವುದು. ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಜನರ ಹಲ್ಲು, ಮೂಳೆ ಕೆಡುವುದುಂಟು. ಅಲ್ಲಿ ಈ ಯಂತ್ರ ಬೇಕು. ಅಲ್ಲಿಯ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿರುವುದು ಇದಕ್ಕಾಗಿಯೇ. 46 ಅಂಕಿಯ ನೀರಿನಿಂದ ಏನನ್ನು ತೆಗೆಯುವುದು? ಇರುವ ಅಲ್ಪಸ್ವಲ್ಪ ಲವಣವೂ ಹೋಗಿ ನೀರು ಸಪ್ಪೆಯಾಗುತ್ತದೆ, ಹುಳಿಗುಣ ಇನ್ನಷ್ಟು ಹೆಚ್ಚುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೂಡ 2019ರಲ್ಲಿ ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇರುವ ಕಡೆ ಮನೆಯ ಆರ್.ಓ. ಯಂತ್ರಗಳನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು.

ನೀರಿನ ಪೋಲನ್ನೂ ಲೆಕ್ಕ ಹಾಕಬೇಕು. ಒಂದು ಪಾಲು ಶುದ್ಧ ನೀರಿಗೆ ಮೂರು ಪಾಲು ಹೊರಹೋಗುವ ಯಂತ್ರವಾದರೆ, ದಿನಕ್ಕೆ 20 ಲೀಟರು ಬಳಸುವ ಮನೆಯಲ್ಲಿ 60 ಲೀಟರು ಚರಂಡಿಗೆ ಸೇರುತ್ತದೆ. ವರ್ಷಕ್ಕೆ ಸುಮಾರು 22 ಸಾವಿರ ಲೀಟರು. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ತಳ ಕಾಣುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಮಾರಾಟಗಾರರು ತೋರಿಸುವ ಒಂದು ಕೈಚಳಕದ ವಿಷಯವಾಗಿ ಎಚ್ಚರಿಸುವುದು ಅಗತ್ಯ. ಎರಡು ಲೋಟಗಳಲ್ಲಿ, ಒಂದರಲ್ಲಿ ನಿಮ್ಮ ಬಾವಿಯ ನೀರು, ಇನ್ನೊಂದರಲ್ಲಿ ಯಂತ್ರದ ನೀರು ಇಟ್ಟು ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟು ಹಾಯಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬಾವಿಯ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳೆ ತೇಲುತ್ತದೆ. ನೋಡಿದವರಿಗೆ ಹೊಟ್ಟೆ ತೊಳಸುತ್ತದೆ. ಆ ಕೊಳೆ ನೀರಿನದಲ್ಲ, ಕಬ್ಬಿಣದ ಕಡ್ಡಿ ಕರಗಿ ಆದ ತುಕ್ಕು. ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿಯುವುದರಿಂದ ಕಡ್ಡಿ ಕರಗುತ್ತದೆ. ಯಂತ್ರದ ನೀರಿನಲ್ಲಿ ಲವಣವಿಲ್ಲದ್ದರಿಂದ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ, ಅಷ್ಟೇ. ಮುಂದೆ ಯಾರಾದರೂ ಬಂದು ಇದನ್ನು ತೋರಿಸಿದರೆ, ಅವರ ಶುದ್ಧ ನೀರಿಗೆ ಒಂದು ಚಿಟಿಕೆ ಅಡಿಗೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸಿ ಎನ್ನಿ. ಅದೂ ಕಂದಾಗುತ್ತದೆ.

ನಮ್ಮ ನೀರಿನ ನಿಜವಾದ ದೋಷಗಳು

ಈ ಮೂರು ತಾಲ್ಲೂಕುಗಳ ಮಟ್ಟಿಗೆ ನೋಡಬೇಕಾದ ದೋಷಗಳು ಮುಖ್ಯವಾಗಿ ಮೂರು: ರೋಗಾಣು, ಮಳೆಗಾಲದ ಕೆಸರು, ಕೊಳವೆ ಬಾವಿಯಲ್ಲಿ ಕಬ್ಬಿಣ. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಮೇಲೆ ಬಿದ್ದ ಮಳೆ ಅದರ ಸಂದುಗಳಲ್ಲಿ ಬೇಗ ಇಳಿದು ಬಾವಿ ಸೇರುತ್ತದೆ. ಆದುದರಿಂದ ಕೊಟ್ಟಿಗೆಯ ನೀರು, ಶೌಚಾಲಯದ ಗುಂಡಿಯ ನೀರು ಮಣ್ಣಿನಲ್ಲಿ ಚೆನ್ನಾಗಿ ಸೋಸುವಷ್ಟು ಸಮಯ ಸಿಗುವುದಿಲ್ಲ. ಗುಂಡಿಗೂ ಬಾವಿಗೂ ಕನಿಷ್ಠ 50 ಅಡಿ ಅಂತರವಿರಬೇಕು ಎಂಬ ನಿಯಮ ಸಾಧಾರಣ ಮಣ್ಣಿನದು. ನಮ್ಮಲ್ಲಿ ಅದಕ್ಕಿಂತ ಹೆಚ್ಚಿದ್ದಷ್ಟೂ ಒಳಿತು, ಗುಂಡಿ ಬಾವಿಗಿಂತ ತಗ್ಗಿನಲ್ಲಿರುವುದು ಇನ್ನೂ ಒಳಿತು.

ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವವರು "ಹರಿಯುವ ನೀರಿಗೆ ದೋಷವಿಲ್ಲ" ಎನ್ನುತ್ತಾರೆ. ಹರಿಯುವ ನೀರು ತಣ್ಣಗೆ, ತಿಳಿಯಾಗಿ, ರುಚಿಯಾಗಿ ಇರುವುದು ನಿಜ. ಮೇಲೆ ದನ, ಕಾಡುಹಂದಿ, ಮಂಗ ಓಡಾಡುವುದೂ ನಿಜ. ಅಬ್ಬಿ ಬೇರೆಯವರ ತೋಟದ ಮೂಲಕ ಬರುವುದಾದರೆ ಬೋರ್ಡೊ ಸಿಂಪಡಿಸುವ ದಿನಗಳಲ್ಲಿ ಎಚ್ಚರ ಬೇಕು. ಮೈಲುತುತ್ತದ ತಾಮ್ರವನ್ನು ಕುದಿಸಿ ತೆಗೆಯಲಾಗುವುದಿಲ್ಲ, ಸಾಮಾನ್ಯ ಕ್ಯಾಂಡಲ್ ಫಿಲ್ಟರಿಗೂ ಅದು ನಿಲ್ಲುವುದಿಲ್ಲ. ದ್ರಾವಣ ಕಲಸುವ ಡ್ರಮ್ಮನ್ನು ಬಾವಿಯ ಅಥವಾ ಅಬ್ಬಿಯ ಪಕ್ಕದಲ್ಲಿ ಇಡದಿರುವುದೇ ಅದಕ್ಕೆ ಪರಿಹಾರ. ನೀರು ಹತ್ತಿರ ಸಿಗುತ್ತದೆಂದು ಅಲ್ಲಿಯೇ ಕಲಸುವ ಅಭ್ಯಾಸವನ್ನು ನಾನು ಎಷ್ಟೋ ತೋಟಗಳಲ್ಲಿ ಕಂಡಿದ್ದೇನೆ.

ಎಲ್ಲ ಜ್ವರಕ್ಕೂ ನೀರೇ ಕಾರಣವಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗವನ್ನು ನಡುಗಿಸಿದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಬರುವಂಥದು. ಅದರ ಹೆದರಿಕೆ ತೋರಿಸಿ ಫಿಲ್ಟರ್ ಮಾರಲು ಬಂದರೆ ನಂಬಬೇಡಿ.

ಕುದಿಸುವುದು

ರೋಗಾಣುಗಳಿಗೆ ಇದಕ್ಕಿಂತ ಖಚಿತವಾದ ಉಪಾಯ ಮನೆಯಲ್ಲಿ ಇನ್ನೊಂದಿಲ್ಲ. ನೀರು ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಒಂದು ನಿಮಿಷ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎತ್ತರದ ಜಾಗದಲ್ಲಿ ನೀರು ಕಡಿಮೆ ಶಾಖದಲ್ಲಿ ಕುದಿಯುತ್ತದಾದರೂ ನಮ್ಮಲ್ಲಿ ಅದು ಲೆಕ್ಕಕ್ಕಿಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಲ್ಲಿ ಕುದಿಸಿದರೂ ರೋಗಾಣು ಸಾಯುತ್ತದೆ. ಕಾಮಾಲೆಯ ವೈರಸ್ಸಿಗೂ ಇದು ಮದ್ದು.

ಆದರೆ ಕುದಿಸಿದ ನೀರು ಕೆಡುವುದು ಆಮೇಲೆ. ಬಚ್ಚಲ ಹಂಡೆಯ ಬಿಸಿನೀರು ಕುದಿದ ನೀರಲ್ಲ. ಕುದಿಸಿದ ನೀರು ಬಿಸಿಯಾಯಿತೆಂದು ಅರ್ಧ ಲೋಟ ತಣ್ಣೀರು ಬೆರೆಸಿ ನೆಂಟರಿಗೆ ಕೊಡುವ ಪದ್ಧತಿ ನಮ್ಮಲ್ಲಿ ಬಹಳ. ಕುದಿಸಿದ ಶ್ರಮವೆಲ್ಲ ಅಲ್ಲಿಗೆ ವ್ಯರ್ಥ. ಬೇಸಿಗೆಯ ಮದುವೆ ಮನೆಗಳಲ್ಲಿ ಪಾನಕಕ್ಕೆ ಬಳಸುವ ನೀರನ್ನೂ ಹಿಂದಿನ ದಿನ ಕುದಿಸಿ ಆರಿಸಬೇಕು. ಪಾತ್ರೆಗೆ ಲೋಟವನ್ನು ಬೆರಳು ಸಹಿತ ಮುಳುಗಿಸುವುದನ್ನು ಬಿಟ್ಟು ನಲ್ಲಿ ಇರುವ ಪಾತ್ರೆ ಇಡುವುದು ಒಳ್ಳೆಯದು. ಲಾವಂಚದ ಬೇರು ಹಾಕಿದರೆ ನೀರು ಪರಿಮಳವಾಗುತ್ತದೆಯೇ ಹೊರತು ಶುದ್ಧವಾಗುವುದಿಲ್ಲ.

ತಾಮ್ರದ ಕೊಡದ ಮಾತು ಬೇರೆ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿಯ ಬ್ಯಾಕ್ಟೀರಿಯಾಗಳು ಸತ್ತುದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಆದರೆ ಕಾಮಾಲೆಯ ವೈರಸ್ಸಿಗೆ ಇದನ್ನು ನೆಚ್ಚಬಾರದು. ನಮ್ಮ ಹುಳಿನೀರು ತಾಮ್ರವನ್ನು ಹೆಚ್ಚು ಕರಗಿಸುವುದರಿಂದ ದಿನಗಟ್ಟಲೆ ಇಡುವುದೂ ಬೇಡ, ರಾತ್ರಿ ತುಂಬಿ ಮಾರನೆಯ ದಿನ ಮುಗಿಸಬೇಕು. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ನೀರನ್ನು ಆರು ಗಂಟೆ ಬಿಸಿಲಿಗಿಟ್ಟು ಶುದ್ಧಮಾಡುವ ಕ್ರಮವೊಂದು ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ. ಜುಲೈ ತಿಂಗಳಿನ ಆಗುಂಬೆಯಲ್ಲಿ ಆರು ಗಂಟೆ ಬಿಸಿಲು ಎಲ್ಲಿಂದ ತರುವುದು!

ಕ್ಯಾಂಡಲ್ ಫಿಲ್ಟರ್

ಫ್ರಾನ್ಸಿನಲ್ಲಿ ಪಾಸ್ಚರರ ಸಹೋದ್ಯೋಗಿ ಚೇಂಬರ್‌ಲ್ಯಾಂಡ್ ಎಂಬಾತ 1884ರಲ್ಲಿ ಪಿಂಗಾಣಿಯ ಸೋಸುವ ಕೊಳವೆಯನ್ನು ರೂಪಿಸಿದ. ಇಂದಿನ ಕ್ಯಾಂಡಲ್ ಅದೇ ಜಾತಿಯದು. ಸ್ಟೀಲಿನ ಎರಡು ಡಬ್ಬಿ, ನಡುವೆ ಎರಡೋ ಮೂರೋ ಕ್ಯಾಂಡಲ್. ಕರೆಂಟು ಬೇಡ, ರಿಪೇರಿ ಮಾಡುವವನ ದಾರಿ ಕಾಯುವುದು ಬೇಡ. ಎರಡು ಮೂರು ಸಾವಿರ ರೂಪಾಯಿಗೆ ದೊರೆಯುತ್ತದೆ. ಮಲೆನಾಡಿನ ಮನೆಗೆ ಮೊದಲು ಕೊಳ್ಳಬೇಕಾದದ್ದು ಇದು ಎಂಬುದು ನನ್ನ ಅಭಿಪ್ರಾಯ.

ಕೆಸರನ್ನೂ, ಹುಳುಗಳ ಮೊಟ್ಟೆಯನ್ನೂ ಕ್ಯಾಂಡಲ್ ತಡೆಯುತ್ತದೆ. ಒಳ್ಳೆಯ ದರ್ಜೆಯದಾದರೆ ಬ್ಯಾಕ್ಟೀರಿಯಾವನ್ನೂ ಬಹುಮಟ್ಟಿಗೆ ತಡೆಯುತ್ತದೆ. ವೈರಸ್ಸನ್ನು ತಡೆಯುವುದಿಲ್ಲ. ಆದುದರಿಂದ ಮಳೆಗಾಲದಲ್ಲಿ ಸೋಸಿದ ನೀರನ್ನು ಕುದಿಸಬೇಕು. ಬೇಸಿಗೆಯಲ್ಲಿಯೂ ಊರಲ್ಲಿ ಕಾಮಾಲೆ ಇದ್ದರೆ, ಮನೆಯಲ್ಲಿ ಬಸುರಿ ಬಾಣಂತಿಯರು, ಎಳೆಯ ಮಕ್ಕಳಿದ್ದರೆ ಕುದಿಸುವುದೇ ಕ್ಷೇಮ.

ಕ್ಯಾಂಡಲಿನ ಆರೈಕೆಯನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಬೇಕು. ನೀರು ಇಳಿಯುವುದು ನಿಧಾನವಾದಾಗ ಹೊರತೆಗೆದು ಮೆತ್ತನೆಯ ಬ್ರಷ್ಷಿನಿಂದ ಹರಿಯುವ ನೀರಿನಲ್ಲಿ ಉಜ್ಜಬೇಕು. ಸಾಬೂನು, ಪಾತ್ರೆ ತಿಕ್ಕುವ ಪುಡಿ ತಾಗಿಸಬಾರದು. ನಿಧಾನವಾಗಿದ್ದ ಫಿಲ್ಟರ್ ಯಾವ ಕಾರಣವೂ ಇಲ್ಲದೆ ಚುರುಕಾದರೆ ಸಂತೋಷಪಡಬೇಡಿ, ಕ್ಯಾಂಡಲ್ ಬಿರುಕು ಬಿಟ್ಟಿರಬಹುದು. ಅದನ್ನು ನೀರಿನಲ್ಲಿ ನೆನೆಸಿ, ಮುಳುಗಿಸಿ ಹಿಡಿದು ಕೆಳಗಿನ ತೂತಿನಿಂದ ಬಾಯಲ್ಲಿ ಊದಿದರೆ ಬಿರುಕಿನ ಜಾಗದಿಂದ ಗುಳ್ಳೆಗಳ ಸಾಲು ಏಳುತ್ತದೆ. ಅಂಥದನ್ನು ಅಂಟು ಹಚ್ಚಿ ಉಳಿಸುವ ಪ್ರಯತ್ನ ಮಾಡದೆ ಎಸೆಯಬೇಕು.

ಕೆಸರು ಹೆಚ್ಚಿದ್ದಾಗ ಮೊದಲು ಬಟ್ಟೆಯಲ್ಲಿ ಸೋಸಿದರೆ ಕ್ಯಾಂಡಲ್ ಬೇಗ ಕಟ್ಟುವುದಿಲ್ಲ. ಬಟ್ಟೆಯನ್ನು ಹಗುರವಾಗಿ ಎಣಿಸಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರ ಮಡಿಸಿ ಸೋಸಿ ಕುಡಿದವರಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುದನ್ನು ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದ್ದಾರೆ. ಹೊಸ ಬಟ್ಟೆಗಿಂತ ಒಗೆದೊಗೆದು ನೂಲು ಬಿರಿದ ಹಳೆಯ ಹತ್ತಿ ಸೀರೆಯೇ ಉತ್ತಮ.

ಕರೆಂಟಿನವು ಮತ್ತು ಇತರೆ

ಯು.ವಿ. ಯಂತ್ರದಲ್ಲಿ ನೇರಳಾತೀತ ಕಿರಣ ನೀರಿನ ಮೇಲೆ ಬಿದ್ದು ರೋಗಾಣುವನ್ನು ಕೊಲ್ಲುತ್ತದೆ, ವೈರಸ್ಸನ್ನೂ ಸಹ. ಸಾಗರ ಪೇಟೆಯಂಥ ಕಡೆ, ಕರೆಂಟು ಸಾಮಾನ್ಯವಾಗಿ ಇರುವ ಮನೆಗೆ ಇದು ಯೋಗ್ಯ. ನೀರು ತಿಳಿಯಾಗಿರಬೇಕು, ಕೆಸರಿನ ಕಣದ ಮರೆಯಲ್ಲಿ ರೋಗಾಣು ಉಳಿದುಬಿಡುತ್ತದೆ. ಕಬ್ಬಿಣದ ನೀರಾದರೆ ದೀಪದ ಗಾಜಿನ ಕವಚದ ಮೇಲೆ ತುಕ್ಕು ಕಟ್ಟಿ ಕಿರಣ ಹಾಯುವುದಿಲ್ಲ. ಹಳ್ಳಿಮನೆಯಲ್ಲಿ ಇಟ್ಟುಕೊಳ್ಳುವವರು ಕರೆಂಟು ಹೋದ ದಿನ ಏನು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಯು.ಎಫ್. ಎಂಬ ಪೊರೆಯ ಫಿಲ್ಟರಿನ ರಂಧ್ರ ಸುಮಾರು 0.01 ಮೈಕ್ರಾನ್. ಬ್ಯಾಕ್ಟೀರಿಯಾ ಇದರಲ್ಲಿ ನುಸುಳಲಾರದು. ಗುಡ್ಡದ ಅಬ್ಬಿಯಿಂದ ಒತ್ತಡದಲ್ಲಿ ನೀರು ಬರುವ ಮನೆಗಳಿಗೆ, ಎತ್ತರದಲ್ಲಿ ಟ್ಯಾಂಕಿ ಇರುವ ಮನೆಗಳಿಗೆ ಇದು ಕರೆಂಟಿಲ್ಲದೆ ಕೆಲಸಮಾಡುತ್ತದೆ. ಆಗಾಗ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬೇಕು. ವೈರಸ್ಸಿಗೆ ಇದೊಂದನ್ನೇ ನೆಚ್ಚುವಂತಿಲ್ಲ. ಇದ್ದಿಲಿನ ಫಿಲ್ಟರ್ ವಾಸನೆ, ಕ್ಲೋರಿನ್ ಮತ್ತು ಕೆಲವು ಕೀಟನಾಶಕಗಳನ್ನು ಹೀರುತ್ತದೆ. ರೋಗಾಣು ಅದರಲ್ಲಿ ಸಾಯುವುದಿಲ್ಲ, ಬಹಳ ದಿನ ಬದಲಿಸದಿದ್ದರೆ ಅಲ್ಲಿಯೇ ಬೆಳೆಯುತ್ತದೆ.

ಕಬ್ಬಿಣದ ನೀರು

ಕೊಳವೆ ಬಾವಿಯಿಂದ ಎತ್ತಿದಾಗ ತಿಳಿಯಾಗಿದ್ದು, ಕೊಡದಲ್ಲಿ ನಿಂತ ಮೇಲೆ ಕಾವಿಯ ಬಣ್ಣಕ್ಕೆ ತಿರುಗಿದರೆ, ಬಿಳಿಯ ಪಂಚೆ ಹಳದಿಯಾದರೆ ಅದು ಕಬ್ಬಿಣ. ಅಡಿಕೆ ಚೊಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುವುದನ್ನು ಬಲ್ಲವರಿಗೆ ಪರೀಕ್ಷೆಯೂ ಸುಲಭ. ಗಟ್ಟಿ ಚಹಾದ ಡಿಕಾಕ್ಷನ್ನನ್ನು ಆ ನೀರಿಗೆ ಹಾಕಿದಾಗ ಮಸಿಯ ಬಣ್ಣ ಬಂದರೆ ಕಬ್ಬಿಣ ಸಾಕಷ್ಟಿದೆ ಎಂದು ತಿಳಿಯಬೇಕು. ಲೀಟರಿಗೆ 0.3 ಮಿಲಿಗ್ರಾಂ ದಾಟಿದಾಗಲೇ ಬಟ್ಟೆಗೆ ಕಲೆ ಹಿಡಿಯತೊಡಗುತ್ತದೆ. ಈ ನೀರು ರೋಗಕಾರಕವೆಂಬುದಕ್ಕಿಂತ, ಯಾವ ಫಿಲ್ಟರನ್ನು ಕೊಂಡರೂ ಅದನ್ನು ಬೇಗ ಹಾಳುಮಾಡುತ್ತದೆ ಎಂಬುದೇ ಚಿಂತೆ. ಆದುದರಿಂದ ಕಬ್ಬಿಣವನ್ನು ಮೊದಲೇ ತೆಗೆಯಬೇಕು.

ತೂತು ಕೊರೆದ ಪೈಪಿನಿಂದ ನೀರನ್ನು ಎರಡು ಮೂರು ಅಡಿ ಎತ್ತರದಿಂದ ಸಣ್ಣ ಹನಿಗಳಾಗಿ ಒಂದು ಡ್ರಮ್ಮಿಗೆ ಬೀಳಿಸಿದರೆ ಗಾಳಿ ಬೆರೆತು ಕಬ್ಬಿಣ ತುಕ್ಕಾಗುತ್ತದೆ. ರಾತ್ರಿಯಿಡೀ ನಿಲ್ಲಿಸಿ ಮೇಲಿನ ನೀರನ್ನು ಇನ್ನೊಂದು ಡ್ರಮ್ಮಿನಲ್ಲಿ ಅರ್ಧ ಅಡಿ ಜಲ್ಲಿ, ಅದರ ಮೇಲೆ ಒಂದೂವರೆ ಎರಡು ಅಡಿ ತೊಳೆದ ಹೊಳೆಮರಳು ಹಾಕಿ ಅದರ ಮೂಲಕ ಸೋಸಬೇಕು. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಆದರೆ ನಮ್ಮಲ್ಲಿ ಹೀಗೆ ಮಾಡಿಯೂ ಫಲ ಕಾಣದವರಿದ್ದಾರೆ. ನೀರಿನ ರಸಸಾರ 6.5ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ತುಕ್ಕಾಗುವುದು ಬಹಳ ನಿಧಾನ ಎಂಬುದು ಅದಕ್ಕೆ ಕಾರಣ. ಮೊದಲ ಡ್ರಮ್ಮಿನಲ್ಲಿ, ಹನಿಗಳು ಬೀಳುವ ಕಡೆ, ಚೆನ್ನಾಗಿ ತೊಳೆದ ಸುಡದ ಕಪ್ಪೆಚಿಪ್ಪು ಅಥವಾ ಸುಣ್ಣಕಲ್ಲಿನ ಚೂರುಗಳನ್ನು ಬುಟ್ಟಿಯಲ್ಲಿ ಇಟ್ಟರೆ ಹುಳಿ ಕಳೆದು ಕೆಲಸ ಚುರುಕಾಗುತ್ತದೆ. ಬೋರ್ಡೊಗೆ ತಂದ ಸುಟ್ಟ ಸುಣ್ಣವನ್ನು ಮಾತ್ರ ಇದಕ್ಕೆ ಹಾಕಬಾರದು, ನೀರು ಖಾರವಾಗುತ್ತದೆ.

ಬಾವಿಗೆ ಬ್ಲೀಚಿಂಗ್ ಪೌಡರು

ಫಿಲ್ಟರಿಗೆ ಸಾವಿರಾರು ರೂಪಾಯಿ ಕೊಡುವವರು ಈ ಅಗ್ಗದ ಪುಡಿಯನ್ನು ಮರೆಯುತ್ತಾರೆ. ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ ಮತ್ತು ಮಳೆಗಾಲದುದ್ದಕ್ಕೂ ಆಗಾಗ ಇದನ್ನು ಮಾಡಬೇಕು. ಬಾವಿಯ ಅಡ್ಡಳತೆಯನ್ನು ಅಡಿಯಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 22ರಿಂದ ಗುಣಿಸಿದರೆ ನೀರು ಎಷ್ಟು ಲೀಟರೆಂದು ತಿಳಿಯುತ್ತದೆ. ಆರು ಅಡಿ ಅಡ್ಡಳತೆ, ಹತ್ತು ಅಡಿ ನೀರು ಇದ್ದರೆ ಸುಮಾರು 8,000 ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯಂತೆ 20 ಗ್ರಾಂ ಬೇಕು. ಇದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ತಳದ ಸುಣ್ಣವನ್ನು ಬಾವಿಗೆ ಸುರಿಯಬಾರದು. ಸಂಜೆ ಹಾಕಿದರೆ ಬೆಳಗ್ಗೆ ನೀರು ಸೇದಬಹುದು. ನೀರು ತೀರ ಕದಡಿದ್ದರೆ ಇಷ್ಟು ಪುಡಿ ಸಾಲದು. ಬೆಳಗಿನ ನೀರಿನಲ್ಲಿ ನಸು ವಾಸನೆಯೂ ಇಲ್ಲದಿದ್ದರೆ ಸಂಜೆ ಮತ್ತೊಮ್ಮೆ ಹಾಕಬೇಕು. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವ ಇರುವುದಿಲ್ಲ.

ಪರೀಕ್ಷೆ ಮಾಡಿಸುವುದು

ಮೇಲೆ ಹೇಳಿದ ಕಪ್ಪಾಗುವ ಶೀಶೆಯ ಪರೀಕ್ಷೆಯನ್ನು ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಮಲದ ಸಂಪರ್ಕವಾದ ನೀರಿನಲ್ಲಿರುವ ಬ್ಯಾಕ್ಟೀರಿಯಾ ಬೆಳೆದು ಬಿಡುವ ಹೈಡ್ರೋಜನ್ ಸಲ್ಫೈಡಿನಿಂದ ಶೀಶೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಜಲಜೀವನ ಮಿಷನ್ನಿನ ಕೆಲಸದಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ಟುಗಳನ್ನು ಕೊಡಲಾಗಿದೆ. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ. ಪೂರ್ಣ ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವಿದೆ.

ಮಾದರಿಯನ್ನು ವರ್ಷಕ್ಕೆ ಎರಡು ಸಲ, ಮಳೆ ಹಿಡಿದ ಹದಿನೈದು ದಿನಕ್ಕೆ ಒಮ್ಮೆ ಮತ್ತು ಏಪ್ರಿಲಿನಲ್ಲಿ ಒಮ್ಮೆ ತೆಗೆದರೆ ಬಾವಿಯ ಸ್ವಭಾವ ತಿಳಿಯುತ್ತದೆ. ಲವಣ, ರಸಸಾರ, ಕಬ್ಬಿಣದ ಪರೀಕ್ಷೆಗೆ ಅದೇ ನೀರಿನಿಂದ ಮೂರು ಸಲ ಗಲಬರಿಸಿದ ಒಂದು ಲೀಟರಿನ ಹೊಸ ಪ್ಲಾಸ್ಟಿಕ್ ಬಾಟಲಿ ಸಾಕು. ರೋಗಾಣುವಿನ ಪರೀಕ್ಷೆಗೆ ಪ್ರಯೋಗಾಲಯದಿಂದಲೇ ಕ್ರಿಮಿಶುದ್ಧ ಬಾಟಲಿಯನ್ನು ತರಬೇಕು. ಅದರ ಬಾಯನ್ನು ಕೈಯಿಂದ ಮುಟ್ಟದೆ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ, ಸಾಧ್ಯವಾದರೆ ಆರು ಗಂಟೆಯೊಳಗೆ ತಲುಪಿಸಬೇಕು. ಬ್ಲೀಚಿಂಗ್ ಪೌಡರು ಹಾಕಿದ ವಾರ ಮಾದರಿ ತೆಗೆಯಬೇಡಿ. ಹೊರಡುವ ಮೊದಲು ಫೋನು ಮಾಡಿ, ಯಾವ ದಿನ ಮಾದರಿ ತೆಗೆದುಕೊಳ್ಳುತ್ತಾರೆಂದು ಕೇಳಿಕೊಂಡರೆ ಶಿವಮೊಗ್ಗದವರೆಗಿನ ಬಸ್ಸಿನ ಪ್ರಯಾಣ ದಂಡವಾಗುವುದಿಲ್ಲ.